ಸೆಲ್ಫ್ ಹೊಡೆದರೆ ಬರೀ ‘ಟಕ್’. ಹೊಸ ಬ್ಯಾಟರಿ ಹಾಕಿದರೂ ಅದೇ ಕಥೆ. ಸಾಗರದ ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ

ಮಳೆಗೆ_ಸಿಕ್ಕವನು · ಶನಿವಾರ, ಬೆಳಿಗ್ಗೆ 8:10

ಎಲ್ಲರಿಗೂ ನಮಸ್ಕಾರ. ಮಾವನ ಮನೆಗೆ ಅಂತ ಬಂದವನು ವಾಪಸ್ ಹೋಗಲಾಗದೆ ಕೂತಿದ್ದೇನೆ. ಸಾಗರದಿಂದ 14 ಕಿ.ಮೀ. ಒಳಗೆ. ಮಳೆ ಬಿಟ್ಟೂ ಬಿಡದೆ ಹೊಡೆಯುತ್ತಿದೆ.

ಗಾಡಿ 2013ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಮಾಮೂಲಿ ಗೇರಿನದು, 84 ಸಾವಿರ ಓಡಿದೆ. ಹದಿನೈದು ದಿನದ ಹಿಂದೆ ಬೆಂಗಳೂರಿನಲ್ಲಿ ಒಂದು ಬೆಳಿಗ್ಗೆ ಕೀ ತಿರುಗಿಸಿದರೆ ಟಕಟಕಟಕ ಅಂತ ಸದ್ದು. ಬ್ಯಾಟರಿ ಅಂಗಡಿಯವರು ಬಂದು ನೋಡಿ, ನಾಲ್ಕು ವರ್ಷ ಆಗಿದೆ, ಮುಗಿಯಿತು ಅಂದರು. ಹಳೆಯದನ್ನು ಕೊಟ್ಟು 4,600 ರೂಪಾಯಿಗೆ ಹೊಸದು ಹಾಕಿಸಿದೆ. ಹತ್ತು ದಿನ ಚೆನ್ನಾಗಿತ್ತು.

ನಿನ್ನೆ ಪೇಟೆಗೆ ಹೋಗಿದ್ದಾಗ ಸೆಲ್ಫ್ ಹೊಡೆದರೆ ಒಂದೇ ಒಂದು ‘ಟಕ್’. ಮೂರನೇ ಸಲಕ್ಕೆ ಸ್ಟಾರ್ಟ್ ಆಯಿತು. ಇವತ್ತು ಬೆಳಿಗ್ಗೆಯಿಂದ ಬರೀ ಟಕ್. ಹೆಡ್‌ಲೈಟ್ ಝಗ್ ಅಂತ ಉರಿಯುತ್ತಿದೆ, ಹಾರ್ನ್ ಜೋರಾಗಿದೆ. ಪೇಟೆಯ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದೆ. ಗಾಡಿ ನೋಡದೇನೇ ‘ಸೆಲ್ಫ್ ಹೋಗಿದೆ, ಹಳೇದು ಕೊಟ್ಟರೆ 6,500 ಆಗುತ್ತೆ’ ಅಂದರು. ಸೋಮವಾರ ಆಫೀಸಿಗೆ ಹೋಗಲೇಬೇಕು. ಏನು ಮಾಡಲಿ?

ಇದಕ್ಕೆ ಸಂಬಂಧ ಇಲ್ಲ, ಆದರೂ ಹೇಳುತ್ತೇನೆ. ಕ್ಲಚ್ ಇತ್ತೀಚೆಗೆ ತುಂಬಾ ಬಿಗಿಯಾಗಿದೆ. ಮೇ ತಿಂಗಳಲ್ಲಿ ಕ್ಲಚ್ ಪ್ಲೇಟ್ ಸೆಟ್ ಹೊಸದು ಹಾಕಿಸಿದ್ದೆ. ಅದು ಆಮೇಲೆ ನೋಡೋಣ, ಮೊದಲು ಇದು.

ಟಾಪ್_ಗೇರ್_ಹುಬ್ಬಳ್ಳಿ · 8:16

ಬ್ಯಾಟರಿ ಹೋಗಿದೆ. ಚೇಂಜ್ ಮಾಡಿ.

ಮಳೆಗೆ_ಸಿಕ್ಕವನು · 8:17

ಸ್ವಾಮಿ, ಪೂರ್ತಿ ಓದಿ.

13ನೇ_ಪಾನಾ · 8:40

ಮೂವತ್ತು ವರ್ಷ ಆಟೋ ಎಲೆಕ್ಟ್ರಿಕಲ್ ಕೆಲಸ ಮಾಡಿ ಈಗ ಹಾವೇರಿಯಲ್ಲಿ ಮನೆಯಲ್ಲಿದ್ದೇನೆ. ಇಂಥ ಗಾಡಿ ಬಂದರೆ ನಾನು ಬಾನೆಟ್ ಎತ್ತುತ್ತಿರಲಿಲ್ಲ. ಮೊದಲು ಕಿವಿ ಕೊಡುತ್ತಿದ್ದೆ.

ಕೀ ತಿರುಗಿಸಿದಾಗ ಬರುವ ಟಕ್ ಶಬ್ದ ಸೆಲ್ಫ್ ಮೋಟರಿನ ಬೆನ್ನ ಮೇಲೆ ಕೂತಿರುವ ಸೊಲೆನಾಯ್ಡ್‌ನದು. ಒಳಗೆ ತಂತಿ ಸುತ್ತಿದ ಒಂದು ಸಣ್ಣ ಡಬ್ಬಿ, ಅದರ ಮಧ್ಯೆ ಕಬ್ಬಿಣದ ಗೂಟ. ಕರೆಂಟ್ ಬಂದ ಕೂಡಲೇ ಗೂಟ ಒಳಕ್ಕೆ ಎಳೆದುಕೊಳ್ಳುತ್ತದೆ. ಅದರಿಂದ ಎರಡು ಕೆಲಸ ಆಗುತ್ತವೆ. ಒಂದು, ಸೆಲ್ಫಿನ ಹಲ್ಲು ಮುಂದೆ ಹೋಗಿ ಎಂಜಿನ್ನಿನ ದೊಡ್ಡ ಹಲ್ಲಿನ ಚಕ್ರಕ್ಕೆ, ಅಂದರೆ ಫ್ಲೈವೀಲಿಗೆ, ಕಚ್ಚಿಕೊಳ್ಳುತ್ತದೆ. ಎರಡು, ತಾಮ್ರದ ಬಿಲ್ಲೆಯೊಂದು ಎರಡು ದಪ್ಪ ಬೋಲ್ಟುಗಳಿಗೆ ಒತ್ತಿಕೊಂಡು ಬ್ಯಾಟರಿಯ ಪೂರ್ತಿ ಕರೆಂಟನ್ನು ಮೋಟರಿಗೆ ಬಿಡುತ್ತದೆ. ಸಣ್ಣ ಪೆಟ್ರೋಲ್ ಗಾಡಿ ಅಂದರೂ 100ರಿಂದ 150 ಆಂಪಿಯರ್. ಡೀಸೆಲ್ ಆದರೆ ಇನ್ನೂ ಜಾಸ್ತಿ. ಹೆಡ್‌ಲೈಟ್ ಎರಡೂ ಸೇರಿ 10 ಆಂಪಿಯರ್ ಮುಟ್ಟುವುದೂ ಕಷ್ಟ. ಅದಕ್ಕೇ ‘ಲೈಟ್ ಚೆನ್ನಾಗಿದೆ’ ಅನ್ನುವ ಮಾತಿನಿಂದ ಸೆಲ್ಫಿನ ದಾರಿ ಚೆನ್ನಾಗಿದೆ ಅಂತ ಹೇಳಲು ಬರುವುದಿಲ್ಲ.

ಟಕಟಕಟಕ ಅಂತ ಮಿಷಿನ್ ಹೊಲಿಗೆ ಹಾಕಿದ ಹಾಗೆ ಬಂದರೆ ಹೆಚ್ಚಾಗಿ ಬ್ಯಾಟರಿ ಖಾಲಿ. ಗೂಟ ಎಳೆಯುತ್ತದೆ, ಮೋಟರ್ ಕರೆಂಟ್ ಕೇಳುತ್ತದೆ, ವೋಲ್ಟೇಜ್ ಕುಸಿಯುತ್ತದೆ, ಗೂಟ ಬಿಟ್ಟುಹೋಗುತ್ತದೆ. ಬಿಟ್ಟ ತಕ್ಷಣ ವೋಲ್ಟೇಜ್ ಏಳುತ್ತದೆ, ಮತ್ತೆ ಎಳೆಯುತ್ತದೆ. ಇದೇ ಸುತ್ತು.

ಗಟ್ಟಿಯಾಗಿ ಒಂದೇ ಟಕ್ ಬಂದು ಸುಮ್ಮನಾದರೆ ಗೂಟ ಎಳೆದಿದೆ, ಮೋಟರ್ ತಿರುಗಿಲ್ಲ ಅಂತ. ತಾಮ್ರದ ಬಿಲ್ಲೆ ಸವೆದಿರಬಹುದು, ತಿರುಗುವ ಮೋಟರಿಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಮುಗಿದಿರಬಹುದು, ದಪ್ಪ ವೈರಿನಲ್ಲಿ ಎಲ್ಲೋ ತುಕ್ಕು ಇರಬಹುದು. ತೀರಾ ಅಪರೂಪಕ್ಕೆ ಎಂಜಿನ್ನೇ ಜಾಮ್ ಆಗಿರಬಹುದು.

ಏನೂ ಶಬ್ದ ಇಲ್ಲ ಅಂದರೆ ಅದು ಬೇರೆ ದಾರಿ. ಕೀ ಸ್ವಿಚ್, ರಿಲೇ, ಫ್ಯೂಸ್, ಕ್ಲಚ್ ಸ್ವಿಚ್.

ನಿಮ್ಮದು ಮೊದಲು ಟಕಟಕ, ಈಗ ಒಂದೇ ಟಕ್. ಒಂದು ಕೆಲಸ ಮಾಡಿ. ಒಳಗಿನ ರೂಮ್ ಲೈಟ್ ಹಾಕಿ ಸೆಲ್ಫ್ ಹೊಡೆಯಿರಿ. ಲೈಟ್ ಮಂಕಾಗುತ್ತದಾ, ಹಾಗೇ ಇರುತ್ತದಾ? ಅಷ್ಟು ಹೇಳಿ.

ಕಡಲ_ಗಾಳಿ · 8:52

ಬ್ಯಾಟರಿ ಟರ್ಮಿನಲ್ ಮೇಲೆ ಹಸಿರು-ಬಿಳಿ ಪುಡಿ ಇದೆಯಾ ನೋಡಿ. ಕುಂದಾಪುರದಲ್ಲಿ ನಮಗೆ ವರ್ಷಕ್ಕೆ ಎರಡು ಸಲ ಇದೇ ಹಾಡು. ಉಪ್ಪುಗಾಳಿ ಬೇರೆ. ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಸುರಿದರೆ ಬುಸ್ ಅಂತ ನೊರೆ ಬಂದು ತೊಳೆದುಹೋಗುತ್ತದೆ. ಒರೆಸಿ, ಉಪ್ಪುಕಾಗದದಲ್ಲಿ ಉಜ್ಜಿ, ಬಿಗಿ ಮಾಡಿ, ಮೇಲೆ ವ್ಯಾಸಲಿನ್ ಸವರಿ. ಬಿಚ್ಚುವಾಗ ಕಪ್ಪು ಮೊದಲು, ಹಾಕುವಾಗ ಕಪ್ಪು ಕೊನೆಗೆ. ಕೆಂಪು ಮೊದಲು ಬಿಚ್ಚಲು ಹೋಗಿ ಪಾನಾ ಬಾಡಿಗೆ ತಾಗಿದರೆ ದೀಪಾವಳಿ.

ಮಳೆಗೆ_ಸಿಕ್ಕವನು · 9:25

ಟರ್ಮಿನಲ್ ಎರಡೂ ಫಳಫಳ ಇವೆ, ಹೊಸದಲ್ವಾ. ಕೈಯಲ್ಲಿ ತಿರುಗಿಸಿ ನೋಡಿದೆ, ಅಲ್ಲಾಡಲಿಲ್ಲ.

ರೂಮ್ ಲೈಟ್ ಪರೀಕ್ಷೆ ಮಾಡಿದೆ. ಟಕ್ ಅಂದಾಗ ಲೈಟ್ ಒಂಚೂರು ಮಿಣುಕಿತು, ಅಷ್ಟೇ. ಮಂಕಾಗಲಿಲ್ಲ.

13ನೇ_ಪಾನಾ · 9:33

ಒಳ್ಳೆಯದು. ಲೈಟ್ ಪೂರ್ತಿ ಮಂಕಾಗಿದ್ದರೆ ಬ್ಯಾಟರಿ ಖಾಲಿ ಇದೆ, ಇಲ್ಲವೇ ಮೋಟರ್ ಜಾಮ್ ಆಗಿ ಕರೆಂಟ್ ನುಂಗುತ್ತಿದೆ ಅಂತ ಆಗುತ್ತಿತ್ತು. ಮಂಕಾಗಲಿಲ್ಲ ಅಂದರೆ ಬ್ಯಾಟರಿಯಿಂದ ದೊಡ್ಡ ಕರೆಂಟ್ ಹೊರಡುತ್ತಲೇ ಇಲ್ಲ. ದಾರಿ ಎಲ್ಲೋ ಕಟ್ ಆಗಿದೆ. ಸೆಲ್ಫಿನ ಒಳಗೋ, ಹೊರಗೋ ಅನ್ನುವುದು ಈಗಿನ ಪ್ರಶ್ನೆ.

ಪಿಕಪ್_ಪಾರ್ಟಿ · 9:41

ಸೆಲ್ಫ್ ಮೇಲೆ ವೀಲ್ ಪಾನಾದಲ್ಲಿ ಎರಡೇಟು ಕುಟ್ಟಿ. ಒಬ್ಬರು ಕುಟ್ಟಬೇಕು, ಇನ್ನೊಬ್ಬರು ಕೀ ಹೊಡೆಯಬೇಕು. ಸವೆದ ಕಾರ್ಬನ್ ಜಾಗಕ್ಕೆ ಕೂತು ಒಂದೆರಡು ಸಲ ಸ್ಟಾರ್ಟ್ ಆಗುತ್ತೆ, ಅಷ್ಟರಲ್ಲಿ ಗ್ಯಾರೇಜ್ ಸೇರಿಕೊಳ್ಳಿ. ಆಗಲಿಲ್ಲ ಅಂದ್ರೆ ಸ್ಕ್ರೂಡ್ರೈವರ್‌ನಲ್ಲಿ ಸೊಲೆನಾಯ್ಡ್ ಬೋಲ್ಟ್ ಎರಡೂ ಸೇರಿಸಿ, ಕಿಡಿ ಹಾರಿ ತಿರುಗುತ್ತೆ. ನಮ್ಮ ಗಾಡಿ ಒಂದು ವರ್ಷ ಹಿಂಗೇ ಓಡಿದೆ.

13ನೇ_ಪಾನಾ · 9:44

ಕುಟ್ಟುವುದು ಸರಿ, ಮೆಲ್ಲಗೆ. ಮೇಲಿನ ಸೊಲೆನಾಯ್ಡ್ ಬಿಟ್ಟು ಮೋಟರಿನ ಮೈಗೆ ಕುಟ್ಟಿ. ತುಂಬಾ ಜೋರಾಗಿ ಹೊಡೆದರೆ ಕೆಲವು ಸೆಲ್ಫುಗಳಲ್ಲಿ ಒಳಗಿನ ಮ್ಯಾಗ್ನೆಟ್ ಒಡೆಯುತ್ತದೆ.

ಸ್ಕ್ರೂಡ್ರೈವರ್ ಕೆಲಸ ಬೇಡ. ಗಾಡಿ ಗೇರಿನಲ್ಲಿದ್ದರೆ ಮುಂದೆ ನಿಂತವನ ಮೇಲೇ ಹಾರುತ್ತದೆ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಹುಡುಗನ ಮಂಡಿ ಹೀಗೇ ಹೋಯಿತು, ಗೋಡೆಗೂ ಟ್ರ್ಯಾಕ್ಟರಿಗೂ ಮಧ್ಯೆ ಸಿಕ್ಕಿ.

ತಾತನ_ಅಂಬಾಸಿಡರ್ · 9:58

ಇದನ್ನೆಲ್ಲ ಓದುವಾಗ ಹ್ಯಾಂಡಲ್ ನೆನಪಾಯಿತು. ನಮ್ಮ ತಾತನ ಅಂಬಾಸಿಡರ್‌ನ ಡಿಕ್ಕಿಯಲ್ಲಿ ಮಡಚಿದ ಕಬ್ಬಿಣದ ಹ್ಯಾಂಡಲ್ ಇರುತ್ತಿತ್ತು. ಬ್ಯಾಟರಿ ಮಲಗಿದರೆ ಮುಂದಿನ ತೂತಿಗೆ ಹಾಕಿ ತಿರುಗಿಸುವುದು. ‘ಹೆಬ್ಬೆರಳನ್ನು ಹ್ಯಾಂಡಲಿಗೆ ಸುತ್ತಬೇಡ, ಉಳಿದ ಬೆರಳಿನ ಪಕ್ಕಕ್ಕೇ ಇಟ್ಟುಕೊ’ ಅಂತ ಪ್ರತಿ ಸಲ ಹೇಳುತ್ತಿದ್ದರು. ಎಂಜಿನ್ ಹಿಂದಕ್ಕೆ ಒದ್ದರೆ ಹೆಬ್ಬೆರಳು ಮುರಿಯುತ್ತದೆ. ಕೆಟರಿಂಗ್ ಅನ್ನುವ ಅಮೆರಿಕದ ಎಂಜಿನಿಯರ್ ಮಾಡಿದ ಸೆಲ್ಫ್ 1912ರ ಕ್ಯಾಡಿಲಾಕ್‌ನಲ್ಲಿ ಬಂತು. ಅದಾದ ಮೇಲೂ ನಮ್ಮಲ್ಲಿ ಎಷ್ಟೋ ದಶಕ ಹ್ಯಾಂಡಲ್ ಡಿಕ್ಕಿಯಲ್ಲೇ ಇತ್ತು ನೋಡಿ.

ಮಳೆಗೆ_ಸಿಕ್ಕವನು · 10:50

ಕುಟ್ಟಿದ್ದಾಯಿತು. ಅಡಿಕೆ ಗೋಣಿಚೀಲ ಹಾಸಿಕೊಂಡು ಗಾಡಿ ಅಡಿಗೆ ಮಲಗಿ, ಭಾಮೈದನಿಗೆ ಕೀ ಕೊಟ್ಟೆ. ಟಕ್. ಕುಟ್ಟಿದೆ. ಟಕ್. ಹದಿನೈದು ಸಲ ಆಯಿತು. ಗಾಡಿ ಜಗ್ಗಲಿಲ್ಲ. ನನ್ನ ಕಾಲಿಗೆ ಮೂರು ಉಂಬಳ ಹತ್ತಿದ್ದವು, ಅಷ್ಟೇ ಲಾಭ. ಅತ್ತೆ ಸುಣ್ಣ ಹಚ್ಚಿ ಬಿಡಿಸಿದರು.

ಹಿಮದೂರಿನ_ಕನ್ನಡಿಗ · 11:05

ಮಿನೆಸೋಟಾದಿಂದ. ಇಲ್ಲಿ ಈ ಟಕಟಕ ಜನವರಿಯ ಬೆಳಗಿನ ಸುಪ್ರಭಾತ. ಮೈನಸ್ 18 ಡಿಗ್ರಿಗೆ ಹೋದರೆ ಬ್ಯಾಟರಿಯ ಶಕ್ತಿ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಅದೇ ಹೊತ್ತಿಗೆ ಎಂಜಿನ್ ಆಯಿಲ್ ಕಾಕಂಬಿ ಹಾಗೆ ದಪ್ಪಗಾಗಿ ತಿರುಗಿಸಲು ಇನ್ನೂ ಜಾಸ್ತಿ ಶಕ್ತಿ ಬೇಕಾಗುತ್ತದೆ. ಅದಕ್ಕೇ ಇಲ್ಲಿ ಎಂಜಿನ್ನಿಗೆ ಹೀಟರ್ ಇಟ್ಟು ರಾತ್ರಿಯೆಲ್ಲ ಕರೆಂಟಿಗೆ ಚುಚ್ಚಿಡುತ್ತಾರೆ. ಬೆಂಗಳೂರಿನ ಬ್ಯಾಟರಿಗೆ ಚಳಿಯ ಕಾಟ ಇಲ್ಲ, ಅದನ್ನು ತಿನ್ನುವುದು ಬಿಸಿಲು.

ಮೈಸೂರು_ಮಲ್ಲಿಗೆ_88 · 11:20

ನನ್ನ ಅನುಭವ: ಪಾರ್ಕಿಂಗ್‌ನಲ್ಲೂ ಓಡುವ ಡ್ಯಾಶ್‌ಕ್ಯಾಮ್ ಹಾಕಿಸಿದ್ದೆ. ಐದು ದಿನ ಗಾಡಿ ತೆಗೆಯಲಿಲ್ಲ. ಆರನೇ ದಿನ ಟಕಟಕಟಕ. ಆಮೇಲೆ ಅಣ್ಣ ಲೆಕ್ಕ ಹಾಕಿ ತೋರಿಸಿದ. ಕ್ಯಾಮೆರಾ ಕಾಲು ಆಂಪಿಯರ್ ಎಳೆದರೂ ದಿನಕ್ಕೆ 6 ಆಂಪಿಯರ್-ಅವರ್. ಐದು ದಿನಕ್ಕೆ 30. ನನ್ನ ಗಾಡಿಯ ಬ್ಯಾಟರಿಯೇ 35! ನಿಂತ ಗಾಡಿ ಎಳೆಯಬೇಕಾದ್ದು 50 ಮಿಲಿಆಂಪಿಯರ್ ಒಳಗೆ ಇರಬೇಕಂತೆ. ನಿಮ್ಮದರಲ್ಲಿ ಹೀಗೆ ಏನಾದರೂ ಹೆಚ್ಚುವರಿ ಸಾಮಾನು ಇದೆಯಾ?

ಮಳೆಗೆ_ಸಿಕ್ಕವನು · 11:24

ಇಲ್ಲ. ಇರುವುದು ಹಳೇ ಸ್ಟೀರಿಯೋ ಮಾತ್ರ.

ಟಾಪ್_ಗೇರ್_ಹುಬ್ಬಳ್ಳಿ · 11:31

ಹಾಗಾದ್ರೆ ಡೈನಮೋ ಚಾರ್ಜ್ ಮಾಡ್ತಿಲ್ಲ. ಗಾಡಿ ತಳ್ಳಿ ಸ್ಟಾರ್ಟ್ ಮಾಡಿ, ಎಂಜಿನ್ ಓಡುವಾಗಲೇ ಬ್ಯಾಟರಿ ವೈರ್ ಬಿಚ್ಚಿ. ಬಂದ್ ಆದರೆ ಡೈನಮೋ ಹೋಗಿದೆ.

13ನೇ_ಪಾನಾ · 11:36

ದಯವಿಟ್ಟು ಯಾರೂ ಇದನ್ನು ಮಾಡಬೇಡಿ. ಪದ್ಮಿನಿ ಕಾಲದಲ್ಲಿ ನಾವೂ ಮಾಡಿದ್ದೇವೆ. ಆಗ ಗಾಡಿಯಲ್ಲಿ ಕಂಪ್ಯೂಟರ್ ಇರಲಿಲ್ಲ. ಓಡುವ ಎಂಜಿನ್ನಿಂದ ಬ್ಯಾಟರಿ ತೆಗೆದರೆ ವೋಲ್ಟೇಜ್ ಒಮ್ಮೆಗೇ ಹಾರಿ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಸುಟ್ಟುಹೋಗಬಹುದು. ಎರಡು ನೂರು ರೂಪಾಯಿಯ ಮೀಟರ್ ಇದೇ ಉತ್ತರ ಕೊಡುತ್ತದೆ. ಎಂಜಿನ್ ಓಡುವಾಗ ಬ್ಯಾಟರಿ ಮೇಲೆ 13.8ರಿಂದ 14.4 ಇದ್ದರೆ ಚಾರ್ಜ್ ಆಗುತ್ತಿದೆ.

ಟಾಪ್_ಗೇರ್_ಹುಬ್ಬಳ್ಳಿ · 11:38

ನಮ್ಮ ಮೆಕ್ಯಾನಿಕ್ ಇವತ್ತಿಗೂ ಹಾಗೇ ನೋಡ್ತಾನೆ. ಏನೂ ಆಗಿಲ್ಲ.

13ನೇ_ಪಾನಾ · 11:39

ಆಗುವವರೆಗೆ ಏನೂ ಆಗಿರುವುದಿಲ್ಲ.

ಕಡಲ_ಗಾಳಿ · 11:50

ಅಕ್ಕಪಕ್ಕದಲ್ಲಿ ಬೇರೆ ಕಾರು ಇದ್ದರೆ ಜಂಪ್ ಕೊಟ್ಟು ನೋಡಬಹುದಲ್ವಾ? ಕೆಂಪು ಕ್ಲಿಪ್ ಮೊದಲು ಮಲಗಿರುವ ಬ್ಯಾಟರಿಯ ಪ್ಲಸ್‌ಗೆ, ಅದರ ಇನ್ನೊಂದು ತುದಿ ಒಳ್ಳೆಯ ಬ್ಯಾಟರಿಯ ಪ್ಲಸ್‌ಗೆ. ಆಮೇಲೆ ಕಪ್ಪು ಒಳ್ಳೆಯ ಬ್ಯಾಟರಿಯ ಮೈನಸ್‌ಗೆ, ಕೊನೆಯ ಕಪ್ಪು ಮಾತ್ರ ಮಲಗಿದ ಗಾಡಿಯ ಎಂಜಿನ್ನಿನ ಬರೀ ಲೋಹಕ್ಕೆ, ಬ್ಯಾಟರಿಯಿಂದ ದೂರ. ಬ್ಯಾಟರಿ ಹತ್ತಿರ ಹೈಡ್ರೋಜನ್ ಇರುತ್ತದೆ, ಕಿಡಿ ತಾಗಬಾರದು. ಲಾರಿ, ಬಸ್ಸಿನಿಂದ ಮಾತ್ರ ತಗೋಬೇಡಿ. ಹೆಚ್ಚಿನ ದೊಡ್ಡ ಗಾಡಿಗಳದು 24 ವೋಲ್ಟ್.

13ನೇ_ಪಾನಾ · 11:54

ಅವರ ಬ್ಯಾಟರಿಯಲ್ಲಿ ಶಕ್ತಿ ಇದೆ, ಜಂಪ್ ಬೇಕಾಗಿಲ್ಲ. ಆದರೆ ಆ ಕೊನೆಯ ಕಪ್ಪು ಕ್ಲಿಪ್ ಅಂದಿರಲ್ಲ, ಅದು ನೆನಪಿರಲಿ. ಬೇಕಾಗಬಹುದು.

ಮಳೆಗೆ_ಸಿಕ್ಕವನು · ಮಧ್ಯಾಹ್ನ 1:40

ಮಳೆ ಸ್ವಲ್ಪ ಹೊಳವಾಯಿತು. ಮನೆ ಮುಂದೆ ಇಳಿಜಾರು ಇದೆ. ಭಾಮೈದ, ತೋಟಕ್ಕೆ ಬಂದಿದ್ದ ಇಬ್ಬರು ಸೇರಿ ತಳ್ಳಿದರು. ಕೀ ಆನ್, ಎರಡನೇ ಗೇರು, ವೇಗ ಬಂದ ಮೇಲೆ ಕ್ಲಚ್ ಬಿಟ್ಟೆ. ಸ್ಟಾರ್ಟ್ ಆಯಿತು! ಎರಡು ಕಿ.ಮೀ. ಓಡಿಸಿ ಬಂದು ಬಂದ್ ಮಾಡಿ ಮತ್ತೆ ಕೀ ತಿರುಗಿಸಿದೆ. ಟಕ್. ಸಿಟ್ಟು ಬಂದು ಐದಾರು ಸಲ ಹೊಡೆದೆ.

ಈಗ ಹೊಸ ತಲೆಬಿಸಿ. ಹಾಗೆ ಹೊಡೆಯುವಾಗ ಡ್ಯಾಶ್‌ಬೋರ್ಡ್ ಅಡಿಯಿಂದ ಪ್ಲಾಸ್ಟಿಕ್ ಕರಗಿದ ವಾಸನೆ ಬಂತು. ಕ್ಲಚ್ ಪೆಡಲ್ ಇನ್ನೂ ಬಿಗಿಯಾಗಿದೆ, ಒತ್ತಿದರೆ ಕೊರ್ ಅನ್ನುತ್ತದೆ. ತಳ್ಳಿ ಸ್ಟಾರ್ಟ್ ಮಾಡಿಕೊಂಡು ಎಲ್ಲೂ ನಿಲ್ಲಿಸದೆ ಬೆಂಗಳೂರಿಗೆ ಹೋಗಿಬಿಡಲಾ?

ಪಿಕಪ್_ಪಾರ್ಟಿ · 1:46

ಹೋಗಿ ಹೋಗಿ. ಪೆಟ್ರೋಲ್ ಹಾಕಿಸುವಾಗ ಮಾತ್ರ ಇಳಿಜಾರಿನ ಬಂಕ್ ನೋಡಿಕೊಳ್ಳಿ.

13ನೇ_ಪಾನಾ · 1:52

ಹೋಗಬೇಡಿ! ಕೀ ಮುಟ್ಟಬೇಡಿ. ಬ್ಯಾಟರಿಯ ಕಪ್ಪು ವೈರ್ ಬಿಚ್ಚಿಡಿ. ಊಟ ಮಾಡಿ ಬಂದು ಬರೆಯುತ್ತೇನೆ. ತಪ್ಪು ನನ್ನದು, ನಿಮ್ಮ ಮೊದಲ ಬರಹದಲ್ಲೇ ಉತ್ತರ ಇತ್ತು, ನಾನು ದಾಟಿ ಹೋದೆ.

13ನೇ_ಪಾನಾ · 2:35

ನೀವು ‘ಸಂಬಂಧ ಇಲ್ಲ’ ಅಂದು ಬರೆದ ಕ್ಲಚ್ಚಿನದೇ ಕಥೆ ಇದು.

ಕರೆಂಟಿಗೆ ಹೋಗುವ ದಾರಿ ಎಷ್ಟು ಮುಖ್ಯವೋ ವಾಪಸ್ ಬರುವ ದಾರಿಯೂ ಅಷ್ಟೇ ಮುಖ್ಯ. ಬ್ಯಾಟರಿಯ ಪ್ಲಸ್‌ನಿಂದ ದಪ್ಪ ವೈರಿನಲ್ಲಿ ಸೆಲ್ಫಿಗೆ ಹೋಗುತ್ತದೆ. ಸೆಲ್ಫಿನಿಂದ ವಾಪಸ್ ಬರಲು ಬೇರೆ ವೈರ್ ಇಲ್ಲ. ಸೆಲ್ಫಿನ ಮೈಯಿಂದ ಎಂಜಿನ್ನಿಗೆ, ಎಂಜಿನ್-ಗೇರ್‌ಬಾಕ್ಸಿನಿಂದ ಒಂದು ದಪ್ಪ ಅರ್ಥ್ ವೈರ್ ಮೂಲಕ ಬ್ಯಾಟರಿಯ ಮೈನಸ್‌ಗೆ. ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುತ್ತದೆ, ರಬ್ಬರಿನಲ್ಲಿ ಕರೆಂಟ್ ಹರಿಯುವುದಿಲ್ಲ. ಆ ಒಂದು ವೈರೇ ಸೇತುವೆ. ಹೆಡ್‌ಲೈಟ್, ಹಾರ್ನ್, ರೂಮ್ ಲೈಟ್‌ಗೆ ಬಾಡಿಯಿಂದ ಬೇರೆ ಅರ್ಥ್ ಇದೆ. ಅದಕ್ಕೇ ಅವು ಏನೂ ಆಗದ ಹಾಗೆ ಉರಿಯುತ್ತಿವೆ.

ಈಗ ಆ ಸೇತುವೆ ಕೆಟ್ಟಿದೆ ಅಂದುಕೊಳ್ಳಿ. ಸೆಲ್ಫ್ ಹೊಡೆದಾಗ ಕರೆಂಟ್ ಬೇರೆ ದಾರಿ ಹುಡುಕುತ್ತದೆ. ಎಂಜಿನ್ನಿಗೂ ಬಾಡಿಗೂ ಮಧ್ಯೆ ಲೋಹದಲ್ಲಿ ಸೇರಿಕೊಂಡಿರುವುದು ಇನ್ನೇನಿದೆ? ಕ್ಲಚ್ ಕೇಬಲ್! ಗೇರ್‌ಬಾಕ್ಸಿನಿಂದ ಪೆಡಲ್ ತನಕ ಉಕ್ಕಿನ ತಂತಿ. ಅದು 100 ಆಂಪಿಯರ್‌ಗೆ ಮಾಡಿದ್ದಲ್ಲ. ಕೆಂಡದ ಹಾಗೆ ಕಾದು ಒಳಗಿನ ಪ್ಲಾಸ್ಟಿಕ್ ಕೊಳವೆ ಕರಗುತ್ತದೆ, ತಣ್ಣಗಾದ ಮೇಲೆ ತಂತಿಗೆ ಅಂಟಿಕೊಳ್ಳುತ್ತದೆ. ಅದಕ್ಕೇ ಪೆಡಲ್ ಬಿಗಿ, ಅದಕ್ಕೇ ವಾಸನೆ. ನನ್ನ ಗ್ಯಾರೇಜಿಗೆ ಹೀಗೆ ಮೂರು ಗಾಡಿ ಬಂದಿದ್ದವು. ಒಂದರಲ್ಲಿ ಸುಟ್ಟದ್ದು ಆಕ್ಸಿಲರೇಟರ್ ಕೇಬಲ್. ಅವರು ವರ್ಷದಲ್ಲಿ ಎರಡು ಕೇಬಲ್ ಬದಲಾಯಿಸಿದ್ದರು, ಯಾಕೆ ಹೋಗುತ್ತಿದೆ ಅಂತ ಯಾರೂ ಕೇಳಿರಲಿಲ್ಲ.

ಮೇ ತಿಂಗಳಲ್ಲಿ ಕ್ಲಚ್ ಪ್ಲೇಟ್ ಹಾಕಿಸಿದ್ದೇನೆ ಅಂದಿರಿ. ಪ್ಲೇಟ್ ಹಾಕಬೇಕಾದರೆ ಗೇರ್‌ಬಾಕ್ಸ್ ಇಳಿಸಬೇಕು. ಗೇರ್‌ಬಾಕ್ಸ್ ಇಳಿಸಬೇಕಾದರೆ ಆ ಅರ್ಥ್ ವೈರಿನ ಬೋಲ್ಟ್ ಬಿಚ್ಚಲೇಬೇಕು. ವಾಪಸ್ ಹಾಕುವಾಗ ಏನಾಗಿರಬಹುದು ಅಂತ ಊಹಿಸಬಲ್ಲೆ. ಆದರೆ ಊಹೆ ಬೇಡ, ಅಳೆಯೋಣ. ಅಲ್ಲಿ ಯಾರ ಹತ್ತಿರವಾದರೂ ಮಲ್ಟಿಮೀಟರ್ ಇದೆಯಾ? ಪಂಪ್‌ಸೆಟ್ ರಿಪೇರಿಯವರ ಹತ್ತಿರ ಇರುತ್ತದೆ.

ಮಳೆಗೆ_ಸಿಕ್ಕವನು · 2:41

ಓದಿ ಮೈ ಜುಂ ಅಂತು. ಪಕ್ಕದ ತೋಟದವರ ಹತ್ತಿರ ಹಳದಿ ಮೀಟರ್ ಒಂದಿದೆ. ತರುತ್ತೇನೆ. ಎಲ್ಲಿ ಚುಚ್ಚಬೇಕು?

13ನೇ_ಪಾನಾ · 2:50

ಕಪ್ಪು ವೈರ್ ವಾಪಸ್ ಹಾಕಿ. ಮೀಟರನ್ನು 20 ವೋಲ್ಟ್ ಡಿಸಿಗೆ ಇಡಿ. ಗಾಡಿ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಪ್ರತಿ ಸಲ ಕೀ ಎರಡು ಸೆಕೆಂಡ್ ಮಾತ್ರ, ಮಧ್ಯೆ ಬಿಡುವು ಕೊಡಿ. ಕೇಬಲ್ ಇನ್ನೂ ಸುಡುವುದು ಬೇಡ.

ಮೊದಲು ಸುಮ್ನೆ ಬ್ಯಾಟರಿಯ ಎರಡು ಕಂಬಗಳ ಮೇಲೆ. 12.6 ಅಂದರೆ ತುಂಬಿದೆ, 12.2 ಅಂದರೆ ಅರ್ಧ, 11.8 ಅಂದರೆ ಖಾಲಿ ಅಂತಲೇ ತಿಳಿಯಿರಿ. ಆಮೇಲೆ ಅಲ್ಲೇ ಇಟ್ಟು ಸೆಲ್ಫ್ ಹೊಡೆಸಿ. ಆರೋಗ್ಯದ ಗಾಡಿಯಲ್ಲಿ ಎಂಜಿನ್ ತಿರುಗುವಾಗಲೂ 9.6ಕ್ಕಿಂತ ಮೇಲಿರಬೇಕು.

ಮೂರನೆಯದೇ ಮುಖ್ಯ. ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್ ಕಂಬಕ್ಕೆ. ವೈರಿನ ಕ್ಲ್ಯಾಂಪಿಗಲ್ಲ, ಸೀಸದ ಕಂಬಕ್ಕೇ. ಕೆಂಪು ಕಡ್ಡಿ ಎಂಜಿನ್ನಿನ ಬರೀ ಲೋಹಕ್ಕೆ, ಬಣ್ಣ ಇಲ್ಲದ ಯಾವುದಾದರೂ ಬೋಲ್ಟ್. ಸೆಲ್ಫ್ ಹೊಡೆಸಿ ಮೀಟರ್ ನೋಡಿ. 0.2ಕ್ಕಿಂತ ಕಡಿಮೆ ಇದ್ದರೆ ಅರ್ಥ್ ಸರಿ ಇದೆ, ನಾನು ಹೇಳಿದ್ದೆಲ್ಲ ತಪ್ಪು. ಅದೇ ರೀತಿ ಮೈನಸ್ ಕಂಬದಿಂದ ಬಾಡಿಗೂ ಒಂದು ಸಲ ನೋಡಿ.

ಓಮ್‌ನಲ್ಲಿ ಇಟ್ಟು ವೈರ್ ಅಳೆಯಬೇಡಿ. ಒಂದೇ ಎಳೆ ಉಳಿದಿದ್ದರೂ ಮೀಟರ್ ‘ಸರಿ’ ಅನ್ನುತ್ತದೆ. 0.02 ಓಮ್ ಅಡ್ಡಿ ಇದ್ದರೆ 150 ಆಂಪಿಯರ್ ಹರಿಯುವಾಗ ಅಲ್ಲೇ 3 ವೋಲ್ಟ್ ಹೋಯಿತು. ಸಾಮಾನ್ಯ ಮೀಟರಿಗೆ ಅಷ್ಟು ಸಣ್ಣ ಓಮ್ ಕಾಣುವುದೇ ಇಲ್ಲ. ಹೊರೆ ಹೊತ್ತಾಗಲೇ ಬೆನ್ನು ನೋವು ಗೊತ್ತಾಗುವುದು.

ಮಳೆಗೆ_ಸಿಕ್ಕವನು · 3:30

ಬ್ಯಾಟರಿ ಸುಮ್ನೆ ಇದ್ದಾಗ 12.5.
ಸೆಲ್ಫ್ ಹೊಡೆದಾಗ 12.0.
ಮೈನಸ್ ಕಂಬದಿಂದ ಬಾಡಿಗೆ 0.1.
ಮೈನಸ್ ಕಂಬದಿಂದ ಎಂಜಿನ್ನಿಗೆ 7.9!

ತಪ್ಪು ನೋಡಿದೆನೇನೋ ಅಂತ ಇನ್ನೊಂದು ಬೋಲ್ಟಿಗೆ ಇಟ್ಟು ಮತ್ತೆ ನೋಡಿದೆ. 8.0.

13ನೇ_ಪಾನಾ · 3:34

ಸಿಕ್ಕಿತು. 12ರಲ್ಲಿ 8 ವೋಲ್ಟ್ ವಾಪಸ್ ದಾರಿಯಲ್ಲೇ ಉರಿದುಹೋಗುತ್ತಿದೆ. ಸೆಲ್ಫಿಗೆ ಉಳಿದದ್ದು ನಾಲ್ಕು. ಅದರಲ್ಲಿ ಗೂಟ ಹಿಡಿದುಕೊಂಡಿರಬಲ್ಲದು, ಮೋಟರ್ ತಿರುಗಲಾರದು. ಈ ಎರಡು ಅಳತೆಯಲ್ಲಿ ಎಂಜಿನ್ನಿನದೂ ಸೊನ್ನೆ ಹತ್ತಿರ ಇದ್ದಿದ್ದರೆ, ಪ್ಲಸ್ ವೈರ್ ಒಂದು ನೋಡಿಕೊಂಡು, ಸೆಲ್ಫ್ ಬಿಚ್ಚಿ ಅನ್ನುತ್ತಿದ್ದೆ.

ಈಗ ಜಂಪ್ ಕೇಬಲಿನ ಕಪ್ಪು ವೈರ್ ಒಂದನ್ನೇ ತಗೊಳ್ಳಿ. ಒಂದು ತುದಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ತುದಿ ಎಂಜಿನ್ ಎತ್ತಲು ಕೊಟ್ಟಿರುವ ಕೊಕ್ಕೆಗೆ. ವೈರ್ ಬೆಲ್ಟಿಗೆ ತಾಗದ ಹಾಗೆ ನೋಡಿಕೊಂಡು ಸೆಲ್ಫ್ ಹೊಡೆಯಿರಿ.

ಮಳೆಗೆ_ಸಿಕ್ಕವನು · 4:05

ಅರ್ಧ ಸುತ್ತಿಗೇ ಸ್ಟಾರ್ಟ್!! ಮೂರು ಸಲ ಬಂದ್ ಮಾಡಿ ಹೊಡೆದೆ. ಮೂರೂ ಸಲ. ಜಂಪ್ ವೈರ್ ತೆಗೆದು ಹೊಡೆದರೆ ಟಕ್. ಹಾಕಿದರೆ ಸ್ಟಾರ್ಟ್. ಭಾಮೈದ ವಿಡಿಯೋ ಮಾಡಿಕೊಂಡಿದ್ದಾನೆ, ನಮ್ಮ ಅತ್ತೆ ನಿಂಬೆಹಣ್ಣು ಇಳಿ ತೆಗೆದಿದ್ದರಿಂದ ಅಂತ ಅದಕ್ಕೆ ಶೀರ್ಷಿಕೆ ಕೊಟ್ಟಿದ್ದಾನೆ.

ಪಿಕಪ್_ಪಾರ್ಟಿ · 4:09

ಪಾನಾ ಸಾರ್, ನಿಮ್ಮ ಗ್ಯಾರೇಜ್ ಮತ್ತೆ ತೆಗೀರಿ.

ಮಳೆಗೆ_ಸಿಕ್ಕವನು · ಸಂಜೆ 6:20

ಏರ್ ಫಿಲ್ಟರ್ ಡಬ್ಬಿ, ಬ್ಯಾಟರಿ, ಅದರ ತಟ್ಟೆ ಎಲ್ಲ ತೆಗೆದ ಮೇಲೆ ಗೇರ್‌ಬಾಕ್ಸಿನ ಮೇಲ್ಭಾಗ ಕಂಡಿತು. ಕಪ್ಪು ವೈರ್ ಅಲ್ಲಿಗೇ ಹೋಗಿದೆ. 12 ನಂಬರ್ ಬೋಲ್ಟ್. ಪಾನಾ ಇಡುವ ಮೊದಲೇ ಬೆರಳಲ್ಲಿ ತಿರುಗಿತು! ನಾಲ್ಕು ಸುತ್ತಿಗೆ ಈಚೆ ಬಂತು.

ವೈರ್ ತುದಿಯ ಬಳೆ ತೆಗೆದು ನೋಡಿದರೆ ಅಡಿಯಲ್ಲಿ ಒಣಗಿದ ಕೆಮ್ಮಣ್ಣು, ಗ್ರೀಸ್, ಅದರ ಮೇಲೆ ತುಕ್ಕು, ಚಾಕೊಲೇಟ್ ಬಣ್ಣದ ಪದರ. ಲೋಹ ಲೋಹಕ್ಕೆ ತಾಗಿದ್ದು ಉಗುರಿನಷ್ಟು ಜಾಗ ಮಾತ್ರ. ಅಲ್ಲಿ ಕಪ್ಪಗೆ ಸುಟ್ಟ ಚುಕ್ಕೆಗಳಿದ್ದವು. ಉಪ್ಪುಕಾಗದದಲ್ಲಿ ಎರಡೂ ಕಡೆ ಬೆಳ್ಳಗಾಗುವ ತನಕ ಉಜ್ಜಿದೆ, ಬೋಲ್ಟಿನ ಹಲ್ಲನ್ನು ಹಳೇ ಟೂತ್‌ಬ್ರಷ್‌ನಲ್ಲಿ ಸ್ವಚ್ಛ ಮಾಡಿದೆ, ಬಿಗಿ ಮಾಡಿ ಮೇಲೆ ವ್ಯಾಸಲಿನ್ ಹಚ್ಚಿದೆ.

ಈಗ ಅಳತೆ: ಸೆಲ್ಫ್ ತಿರುಗುವಾಗ ಮೈನಸ್‌ನಿಂದ ಎಂಜಿನ್ನಿಗೆ 0.1. ಎಂಜಿನ್ ಓಡುವಾಗ ಬ್ಯಾಟರಿ ಮೇಲೆ 14.2.

13ನೇ_ಪಾನಾ · 6:31

ಶಭಾಷ್. ಇನ್ನೊಂದು ಮಾತು. ಡೈನಮೋ ಕೂಡ ಎಂಜಿನ್ನಿಗೇ ಬೋಲ್ಟ್ ಆಗಿರುತ್ತದೆ, ಅದರ ಕರೆಂಟೂ ಇದೇ ಸೇತುವೆಯ ಮೇಲೆ ಓಡಾಡಬೇಕು. ಮೇ ತಿಂಗಳಿಂದ ನಿಮ್ಮ ಹಳೇ ಬ್ಯಾಟರಿಗೆ ಹೊಟ್ಟೆ ತುಂಬ ಊಟ ಸಿಕ್ಕಿರಲಿಕ್ಕಿಲ್ಲ. ಅದು ಮುಗಿದಿತ್ತೋ, ಬರೀ ಹಸಿದಿತ್ತೋ, ಈಗ ಹೇಳಲಾಗದು. ಹೊಸದು ತುಂಬಿಕೊಂಡೇ ಬಂದದ್ದರಿಂದ ಹತ್ತು ದಿನ ನಡೆಯಿತು. ಅಷ್ಟರಲ್ಲಿ ಮಲೆನಾಡಿನ ಮಳೆ, ರಸ್ತೆಯ ಕುಲುಕಾಟ ಸೇರಿ ಬೋಲ್ಟ್ ಪೂರ್ತಿ ಸಡಿಲ ಆಯಿತು.

ಕ್ಲಚ್ ಕೇಬಲ್ ಬದಲಾಯಿಸದೆ ಬೆಂಗಳೂರಿಗೆ ಹೊರಡಬೇಡಿ. ಒಳಗೆ ಕರಗಿದೆ, ದಾರಿಯಲ್ಲಿ ತುಂಡಾದರೆ ಗೇರ್ ಹಾಕಲು ಆಗುವುದಿಲ್ಲ.

ನಮ್ಮ_ಆಟೋಮ್ಯಾಟಿಕ್ · 7:02

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದು ಆಟೋಮ್ಯಾಟಿಕ್, ಬಟನ್ ಸ್ಟಾರ್ಟ್. ಟಕ್ಕೂ ಇಲ್ಲ, ಟಕಟಕವೂ ಇಲ್ಲ. ಡ್ಯಾಶ್‌ಬೋರ್ಡ್ ಲೈಟ್ ಬರುತ್ತೆ ಅಷ್ಟೇ.

13ನೇ_ಪಾನಾ · 7:10

ಬ್ರೇಕ್ ಗಟ್ಟಿಯಾಗಿ ಒತ್ತಿ, ಗೇರ್ ‘ಪಿ’ಯಿಂದ ‘ಎನ್’ಗೆ ತಂದು ಹೊಡೆದು ನೋಡಿ. ‘ಎನ್’ನಲ್ಲಿ ಆದರೆ ಗೇರ್ ಸ್ವಿಚ್ ಕಡೆ ನೋಡಬೇಕು. ಹಿಂದಿನ ಬ್ರೇಕ್ ಲೈಟ್ ಉರಿಯುತ್ತದಾ ಯಾರನ್ನಾದರೂ ಕೇಳಿ, ಉರಿಯದಿದ್ದರೆ ಬ್ರೇಕ್ ಸ್ವಿಚ್. ಕೀ ಗುರುತು ಸಿಗುತ್ತಿಲ್ಲ ಅನ್ನುವ ಲೈಟ್ ಮಿನುಗಿದರೆ ಕೀಯನ್ನೇ ಬಟನ್‌ಗೆ ತಾಗಿಸಿ ಒತ್ತಿ, ಎಷ್ಟೋ ಗಾಡಿಗಳಲ್ಲಿ ಅದು ನಡೆಯುತ್ತದೆ. ಕೀಯ ಒಳಗಿನ ಗುಂಡು ಸೆಲ್ ಹೋಗಿರುತ್ತದೆ. ಆಟೋಮ್ಯಾಟಿಕ್ ಗಾಡಿಯನ್ನು ತಳ್ಳಿ ಸ್ಟಾರ್ಟ್ ಮಾಡಲು ಬರುವುದಿಲ್ಲ, ಸುಮ್ನೆ ಜನ ಸೇರಿಸಬೇಡಿ. ಆಗಲಿಲ್ಲ ಅಂದರೆ ಬೇರೆ ಚರ್ಚೆ ಶುರುಮಾಡಿ, ಅಲ್ಲಿಗೆ ಬರುತ್ತೇನೆ.

ಟಾಪ್_ಗೇರ್_ಹುಬ್ಬಳ್ಳಿ · 7:30

ಒಟ್ಟಿನಲ್ಲಿ ಬ್ಯಾಟರಿದೇ ಪ್ರಾಬ್ಲಮ್ ಅಲ್ವಾ, ಬ್ಯಾಟರಿಯ ವೈರು.

ಮಳೆಗೆ_ಸಿಕ್ಕವನು · ಸೋಮವಾರ, ರಾತ್ರಿ 9:15

ಬೆಂಗಳೂರು ಸೇರಿದೆ. ನಿನ್ನೆ ಭಾನುವಾರವಾದ್ದರಿಂದ ಕೇಬಲ್ ಸಿಗಲಿಲ್ಲ, ಇವತ್ತು ಬೆಳಿಗ್ಗೆ ಸಾಗರದಲ್ಲಿ ಹಾಕಿಸಿಕೊಂಡು ಹೊರಟೆ. ಆಫೀಸಿಗೆ ರಜೆ ಹೇಳಿದ್ದಾಯಿತು. ಹಳೇ ಕೇಬಲ್ ನಡುವೆ ಒಂದು ಗೇಣಿನಷ್ಟು ಜಾಗ ಉಬ್ಬಿ, ಮೇಲಿನ ಕಪ್ಪು ಪ್ಲಾಸ್ಟಿಕ್ ಹಪ್ಪಳದ ಹಾಗೆ ಗುಳ್ಳೆ ಎದ್ದಿತ್ತು. ಪೆಡಲ್ ಈಗ ಬೆಣ್ಣೆ. ದಾರಿಯಲ್ಲಿ ನಾಲ್ಕು ಕಡೆ ಬೇಕಂತಲೇ ನಿಲ್ಲಿಸಿ ಸ್ಟಾರ್ಟ್ ಮಾಡಿದೆ.

ಮೇ ತಿಂಗಳಲ್ಲಿ ಕ್ಲಚ್ ಕೆಲಸ ಮಾಡಿದವರಿಗೆ ಫೋನ್ ಮಾಡಿದ್ದೆ. ‘ಟೈಟ್ ಮಾಡಿದ್ದೆ ಸಾರ್, ನೆನಪಿದೆ’ ಅಂದರು. ಫೋಟೋ ಕಳಿಸಿದೆ. ನೀಲಿ ಟಿಕ್ ಬಿತ್ತು, ಉತ್ತರ ಬಂದಿಲ್ಲ.

ಪಾನಾ ಸಾರ್, ಹಾವೇರಿ ಕಡೆ ಬಂದರೆ ಕಾಫಿ ನನ್ನದು. ಅಂದಹಾಗೆ ಈಗ ಅತ್ತೆ ಫೋನ್ ಮಾಡಿದ್ದರು. ಪಕ್ಕದ ತೋಟದವರು ಪಂಪ್‌ಸೆಟ್ ನೋಡಲು ಮೀಟರ್ ಹುಡುಕುತ್ತಿದ್ದಾರಂತೆ. ಕೆಳಗೆ ಹೋಗಿ ಡಿಕ್ಕಿ ತೆಗೆದು ನೋಡಿದೆ. ಗೋಣಿಚೀಲದ ಕೆಳಗೆ, ಹಳದಿ ಬಣ್ಣದ್ದು, ಆಫ್ ಕೂಡ ಮಾಡಿಲ್ಲ.